ಮಳೆ ಬೀಳದ ಮನೆಯಲ್ಲಿ ಬೂದಿ ರೋಗ

ಪಾಲಿಹೌಸ್ ಹಾಕಿಸಿದರೆ ಬೆಳೆಗೆ ರೋಗದ ಕಾಟ ತಪ್ಪುತ್ತದೆ ಎಂಬ ಮಾತು ತರಕಾರಿ ಬೆಳೆಗಾರರ ನಡುವೆ ಗಟ್ಟಿಯಾಗಿ ಬೇರೂರಿದೆ. ಮಳೆಹನಿ ಸಿಡಿದು ಹರಡುವ ಎಲೆಚುಕ್ಕೆ, ಕಾಯಿಕೊಳೆ, ಅಂಗಮಾರಿಯಂಥ ರೋಗಗಳ ಮಟ್ಟಿಗೆ ಅದು ನಿಜ. ಆದರೆ ಎಲೆಯ ಮೇಲೆ ಬಿಳಿ ಹಿಟ್ಟು ಉದುರಿಸಿದಂತೆ ಕಾಣುವ ಬೂದಿ ರೋಗಕ್ಕೆ ಇದೇ ಮಾತು ಹೇಳಿದರೆ ರೈತ ಕೆಡುತ್ತಾನೆ. ತಮಿಳುನಾಡಿನ ಗಡಿಯಲ್ಲಿರುವ ತಾಳವಾಡಿಯ ಮಟ್ಟಿಗೆ ಇದನ್ನು ಈಗಲೇ ಬಿಡಿಸಿ ಹೇಳಬೇಕಾಗಿದೆ. ಸುತ್ತ 2013ರಲ್ಲಿ ಘೋಷಣೆಯಾದ ಸತ್ಯಮಂಗಲ ಹುಲಿ ಮೀಸಲು ಅರಣ್ಯ, ಕೆಳಗಿಳಿಯಲು ದಿಂಬಂ ಘಾಟಿಯ 27 ತಿರುವುಗಳು, ಇತ್ತ ಚಾಮರಾಜನಗರದ ಗಡಿ. ಇಲ್ಲಿ ಹೊಲ ಹಿಗ್ಗಿಸಲು ಜಾಗವಿಲ್ಲ. ಎಲೆಕೋಸು, ಟೊಮೆಟೊ, ಬೆಳ್ಳುಳ್ಳಿ ಬೆಳೆದು ಬೆಲೆ ಏರಿಳಿತಕ್ಕೆ ಬೇಸತ್ತವರು ಇರುವ ಗುಂಟೆಗಳಲ್ಲೇ ಹೆಚ್ಚು ತೆಗೆಯಬೇಕೆಂದುಕೊಂಡಾಗ ದಪ್ಪ ಮೆಣಸಿನಕಾಯಿ, ಸೌತೆ, ಗುಲಾಬಿಗಳ ಪಾಲಿಹೌಸಿನ ಕಡೆ ಕಣ್ಣು ಹೋಗುವುದು ಸಹಜ. ಹಾಗೆ ಹೊರಡುವವರು ಒಂದು ಮಾತು ತಿಳಿದಿರಬೇಕು. ಸೂರಿನ ಕೆಳಗೆ ಬೂದಿ ರೋಗವನ್ನು ಮೊದಲು ತಡೆಯುವುದು ಗಾಳಿ, ಗಿಡಗಳ ನಡುವಿನ ಅಂತರ ಮತ್ತು ಬೆಳೆಗಾರನ ಕಣ್ಣು. ಔಷಧಿಯ ಸರದಿ ಆಮೇಲೆ. ಸರ್ಕಾರದ ಸಹಾಯಧನವೂ ಅಂಗಡಿಯ ಸಲಹೆಯೂ ಈ ಕ್ರಮವನ್ನು ತಲೆಕೆಳಗು ಮಾಡಿವೆ.

ಬೂದಿ ರೋಗದ ಶಿಲೀಂಧ್ರ ಬದುಕುವ ರೀತಿಯೇ ಬೇರೆ. ಬೇರೆ ಬಹುಪಾಲು ಶಿಲೀಂಧ್ರಗಳ ಬೀಜಾಣು ಮೊಳೆಯಲು ಎಲೆಯ ಮೇಲೆ ಕೆಲವು ಗಂಟೆಯಾದರೂ ನೀರು ನಿಂತಿರಬೇಕು. ಇದಕ್ಕೆ ಬೇಡ. ಬೇಕಾದ ನೀರನ್ನು ಬೀಜಾಣು ತನ್ನೊಳಗೇ ಹೊತ್ತು ತರುತ್ತದೆ. ಎಲೆ ಒಣಗಿದ್ದು, ಸುತ್ತಲಿನ ಗಾಳಿ ತೇವವಾಗಿದ್ದು, ಬಿಸಿಲು ಹದವಾಗಿದ್ದರೆ ಸಾಕು. 20ರಿಂದ 27 ಡಿಗ್ರಿ ಅದಕ್ಕೆ ಹಿತ. ಬೀಜಾಣು ಬಿದ್ದ ಒಂದು ವಾರದೊಳಗೆ ಹೊಸ ಬೀಜಾಣುಗಳು ಹೊರಡಲು ಸಿದ್ಧ. ಬಯಲಿನಲ್ಲಿ ಜೋರು ಮಳೆ ಇವನ್ನು ತೊಳೆದುಹಾಕುತ್ತದೆ, ನೆನೆದ ಬೀಜಾಣುಗಳಲ್ಲಿ ಎಷ್ಟೋ ಅಲ್ಲೇ ಸಾಯುತ್ತವೆ. ಪಾಲಿಹೌಸಿನ ಸೂರು ತಡೆಯುವುದು ಆ ಮಳೆಯನ್ನೇ. ಇದು ಹೊಸ ಸಂಗತಿಯೂ ಅಲ್ಲ. ಯುರೋಪಿನ ದ್ರಾಕ್ಷಿಯಲ್ಲಿ ಈ ರೋಗ ಮೊದಲು ಕಂಡದ್ದು 1845ರಲ್ಲಿ, ಇಂಗ್ಲೆಂಡಿನ ಮಾರ್ಗೇಟ್ ಊರಿನ ಗಾಜಿನ ಮನೆಯೊಂದರಲ್ಲಿ. ಅದನ್ನು ಗುರುತಿಸಿದ ತೋಟಗಾರ ಎಡ್ವರ್ಡ್ ಟಕರ್‌ನ ಹೆಸರನ್ನೇ ಆ ಶಿಲೀಂಧ್ರಕ್ಕೆ ಇಟ್ಟರು. ಸೂರಿನಡಿ ಕಾಣಿಸಿಕೊಂಡ ರೋಗ ಕೆಲವೇ ವರ್ಷಗಳಲ್ಲಿ ಫ್ರಾನ್ಸಿನ ಬಯಲು ತೋಟಗಳನ್ನು ಮುತ್ತಿ, 1854ರ ಹೊತ್ತಿಗೆ ಅಲ್ಲಿನ ವೈನ್ ಉತ್ಪಾದನೆಯನ್ನು ನೆಲಕಚ್ಚಿಸಿತು.

ತಾಳವಾಡಿಯ ಹವೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಹಿಂಗಾರು ಮುಗಿದು ಚಳಿ ಏರುವ ತಿಂಗಳುಗಳಲ್ಲಿ ರಾತ್ರಿ ತಂಪು, ಬೆಳಗ್ಗೆ ಇಬ್ಬನಿ, ಹಗಲು ಹದವಾದ ಬಿಸಿಲು. ಚಳಿಗೆ ಗಿಡ ನಲುಗದಿರಲಿ ಎಂದು ಪಕ್ಕದ ಪರದೆಗಳನ್ನು ಸಂಜೆಯೇ ಇಳಿಸಿ, ಬೆಳಗ್ಗೆ ತಡವಾಗಿ ಎತ್ತುವುದು ವಾಡಿಕೆ. ಗಿಡಗಳು ರಾತ್ರಿಯಿಡೀ ಬಿಟ್ಟ ಆವಿ ಒಳಗೇ ನಿಲ್ಲುತ್ತದೆ. ಹೂಡಿದ ಹಣ ಬೇಗ ಬರಲಿ ಎಂದು ಗಿಡಗಳನ್ನು ಒತ್ತೊತ್ತಾಗಿ ನೆಟ್ಟಿರುತ್ತಾರೆ, ಹನಿ ನೀರಾವರಿಯಲ್ಲಿ ಸಾರಜನಕ ಧಾರಾಳವಾಗಿ ಹರಿದಿರುತ್ತದೆ. ಎಳೆಯ, ರಸಭರಿತ, ನೆರಳುಂಡ ಎಲೆಯೇ ಈ ಶಿಲೀಂಧ್ರಕ್ಕೆ ಪ್ರಿಯ. ಔಷಧಿಯ ಡಬ್ಬಿ ತೆರೆಯುವ ಮೊದಲೇ ರೋಗಕ್ಕೆ ಬೇಕಾದ್ದೆಲ್ಲವನ್ನೂ ಒದಗಿಸಿಯಾಗಿರುತ್ತದೆ. ಪರದೆಯನ್ನು ಹೊತ್ತಿಗೆ ಎತ್ತುವುದು, ದಪ್ಪ ಮೆಣಸಿನಕಾಯಿಯಲ್ಲಿ ಎರಡೋ ನಾಲ್ಕೋ ಕವಲು ಮಾತ್ರ ಬಿಟ್ಟು ಉಳಿದವನ್ನು ಸವರುವುದು, ನೆಲಕ್ಕೆ ತಾಗುವ ಹಳೆಯ ಎಲೆಗಳನ್ನು ಚೀಲಕ್ಕೆ ಹಾಕಿ ಹೊರಗೊಯ್ದು ಸುಡುವುದು, ಸಾರಜನಕದ ಕೈ ಬಿಗಿ ಹಿಡಿಯುವುದು, ಬೆಳೆ ಮುಗಿದ ಮೇಲೆ ಹಸಿರು ಒಂದೆಲೆಯೂ ಉಳಿಯದಂತೆ ಕೆಲವು ವಾರ ಖಾಲಿ ಬಿಡುವುದು: ಇವೆಲ್ಲ ಕೂಲಿಯ ಖರ್ಚಿನ ಕೆಲಸಗಳು, ಮಾರುವ ಸರಕಲ್ಲ. ಹಾಗಾಗಿ ಇವುಗಳ ಪರವಾಗಿ ಹಳ್ಳಿಗೆ ಬಂದು ಮಾತಾಡುವ ಕಂಪನಿ ಪ್ರತಿನಿಧಿ ಯಾರೂ ಇಲ್ಲ.

ದಪ್ಪ ಮೆಣಸಿನಕಾಯಿಯ ವಿಷಯವನ್ನು ಬೇರೆಯಾಗಿ ಹೇಳಲೇಬೇಕು. ಸೌತೆ, ಗುಲಾಬಿಗಳಲ್ಲಿ ಶಿಲೀಂಧ್ರ ಎಲೆಯ ಮೇಲ್ಮೈಯಲ್ಲೇ ಹಬ್ಬಿ, ಬೇರಿನಂಥ ಎಳೆಗಳನ್ನು ಹೊರಪದರಕ್ಕೆ ಮಾತ್ರ ಇಳಿಸುತ್ತದೆ. ಮೆಣಸಿನ ಜಾತಿಗೆ ಬರುವ ಲೆವೆಯ್ಯುಲಾ ಟಾರಿಕಾ ಹಾಗಲ್ಲ. ಅದು ಎಲೆಯ ಒಳಗೆ ಹೊಕ್ಕು ಬೆಳೆಯುತ್ತದೆ. ಮೇಲ್ಭಾಗದಲ್ಲಿ ಮಸುಕಾದ ಹಳದಿ ಕಲೆ ಕಾಣುವ ಹೊತ್ತಿಗೆ ಅದು ಒಳಗೆ ನೆಲೆಯೂರಿ ದಿನಗಳಾಗಿರುತ್ತವೆ. ಬಿಳಿ ಪುಡಿ ಇರುವುದು ಎಲೆಯಡಿಯಲ್ಲಿ, ಬಗ್ಗಿ ಎಲೆ ತಿರುಗಿಸದವರಿಗೆ ಅದು ಕಾಣದು. ಹಳದಿಯನ್ನು ಪೋಷಕಾಂಶದ ಕೊರತೆ ಎಂದುಕೊಂಡು ಇನ್ನಷ್ಟು ಗೊಬ್ಬರ ಬಿಟ್ಟರೆ ರೋಗಕ್ಕೇ ಉಣಿಸಿದಂತೆ. ಕೊನೆಗೆ ಎಲೆ ಉದುರಿ, ಮರೆ ತಪ್ಪಿದ ಕಾಯಿ ಬಿಸಿಲಿಗೆ ಸುಟ್ಟು, ದರ್ಜೆ ಇಳಿಯುತ್ತದೆ. ಮೇಲೆ ಸಿಂಪಡಿಸುವ ಗಂಧಕ, ಸೋಡಾ, ಹಾಲು ಯಾವುದೂ ಒಳಹೊಕ್ಕ ಎಳೆಗಳನ್ನು ಮುಟ್ಟಲಾರವು. ಈ ಬೆಳೆಯಲ್ಲಿ ವಾರಕ್ಕೊಮ್ಮೆ ಕೆಳಗಿನ ಎಲೆಗಳನ್ನು ತಿರುಗಿಸಿ ನೋಡುವ ಅಭ್ಯಾಸಕ್ಕೆ ಸಮನಾದ ಔಷಧಿ ಯಾವುದೂ ಇಲ್ಲವೆಂದೇ ನನ್ನ ತಿಳಿವು.

ಸಾಲ ಮಾಡಿ ಪಾಲಿಹೌಸ್ ಹಾಕಿದವನು ಕಾದು ಕೂರಲಾರ, ಮುಂಜಾಗ್ರತೆಗೆ ವಾರಕ್ಕೊಂದು ಸಲ ಹೊಡೆದರೆ ತಪ್ಪೇನು ಎಂದು ಕೇಳುವವರಿದ್ದಾರೆ. ಆ ಭಯವನ್ನು ಹಗುರವಾಗಿ ಕಾಣಲಾಗದು. ಆದರೆ ಆ ದಾರಿ ಅವನ ಕೈಯಲ್ಲಿರುವ ಔಷಧಿಯನ್ನೇ ಮೊಂಡಾಗಿಸುತ್ತದೆ. ಹೆಕ್ಸಾಕೊನಜೋಲ್, ಪೆನ್ಕೊನಜೋಲ್, ಟೆಬುಕೊನಜೋಲ್, ಮೈಕ್ಲೋಬ್ಯುಟನಿಲ್, ಡೈಫೆನೊಕೊನಜೋಲ್ ಎಂದು ಹೆಸರು ಐದಾದರೂ ಇವು ಶಿಲೀಂಧ್ರವನ್ನು ಹೊಡೆಯುವ ಜಾಗ ಒಂದೇ. ಅಂಗಡಿಯಲ್ಲಿ ಡಬ್ಬಿ ಬದಲಿಸಿದ ರೈತ ಔಷಧಿ ಬದಲಿಸಿದೆನೆಂದು ನಂಬಿರುತ್ತಾನೆ. ಶಿಲೀಂಧ್ರದ ಪಾಲಿಗೆ ಏನೂ ಬದಲಾಗಿರುವುದಿಲ್ಲ. ಅಜಾಕ್ಸಿಸ್ಟ್ರೋಬಿನ್ ಗುಂಪಿನದು ಬೇರೆ ಜಾಗ ಹೊಡೆಯುತ್ತದೆ, ಆದರೆ ಅದನ್ನು ನಿಷ್ಫಲಗೊಳಿಸಲು ಶಿಲೀಂಧ್ರದ ವಂಶವಾಹಿಯಲ್ಲಿ ಒಂದೇ ಒಂದು ಬದಲಾವಣೆ ಸಾಕು. ವಾರಕ್ಕೊಂದು ತಲೆಮಾರು ಹುಟ್ಟುವ, ಹೊರಗಿನದರ ಬೆರಕೆ ಕಡಿಮೆಯಿರುವ ಮುಚ್ಚಿದ ಮನೆಯಲ್ಲಿ ಬದುಕುಳಿದ ಗಟ್ಟಿ ಪೀಳಿಗೆಯೇ ಬೇಗ ತುಂಬಿಕೊಳ್ಳುತ್ತದೆ. ಜೊತೆಗೆ, ಪಾಲಿಹೌಸಿನ ಸೌತೆಯನ್ನು ಒಂದೆರಡು ದಿನಕ್ಕೊಮ್ಮೆ ಕೊಯ್ಯಲೇಬೇಕು. ಹೊಡೆದ ಮೇಲೆ ಕಾಯಬೇಕಾದ ದಿನಗಳನ್ನು ಆ ಕೊಯ್ಲು ಕಾಯುವುದಿಲ್ಲ, ಉಳಿಕೆ ವಿಷ ತಿನ್ನುವವರ ತಟ್ಟೆಗೆ ಹೋಗುತ್ತದೆ. ಔಷಧಿಯೇ ಬೇಡವೆನ್ನುವುದು ನನ್ನ ವಾದವಲ್ಲ. ಮೊದಲ ಕಲೆ ಕಂಡಾಗ, ಗುಂಪು ನೋಡಿ ಬದಲಿಸುತ್ತ, ಎಲೆಯಡಿ ತಾಗುವಂತೆ ಹೊಡೆದ ಒಂದೆರಡು ಸಿಂಪರಣೆ ಬೆಳೆ ಉಳಿಸಬಲ್ಲದು.

ಗಂಧಕಕ್ಕೆ ಈ ಮೊಂಡುತನದ ತೊಂದರೆ ಇಲ್ಲ. ನೂರೈವತ್ತು ವರ್ಷ ಮೀರಿ ಬಳಸಿದರೂ ಬೂದಿ ರೋಗ ಅದಕ್ಕೆ ಜಗ್ಗದಂತೆ ಆಗಿಲ್ಲ, ಬೆಲೆಯೂ ಕಡಿಮೆ. ಆದರೆ ಸೂರಿನಡಿ ಅದಕ್ಕೂ ಮಿತಿಗಳಿವೆ. ಒಳಗಿನ ಬಿಸಿ 32 ಡಿಗ್ರಿ ದಾಟಿದರೆ ಎಲೆ ಸುಡುತ್ತದೆ, ಸೌತೆ ಜಾತಿಗೆ ಅಪಾಯ ಹೆಚ್ಚು. ಎಣ್ಣೆ ಸಿಂಪಡಿಸಿದ ಎರಡು ವಾರದೊಳಗೆ ಹೊಡೆಯಕೂಡದು. ಯಾರೂ ಹೇಳದ ಇನ್ನೊಂದು ಮಾತೂ ಇದೆ: ಪದೇ ಪದೇ ಗಂಧಕ ತಾಗಿದರೆ ಪಾಲಿಥೀನ್ ಹಾಳೆಯಲ್ಲಿ ಬಿಸಿಲು ತಡೆಯಲು ಬೆರೆಸಿದ ಅಂಶ ಕೆಟ್ಟು ಹಾಳೆಯ ಆಯುಸ್ಸು ತಗ್ಗುತ್ತದೆ. ಹಾಲಿನ ಬಗ್ಗೆ ಬ್ರೆಜಿಲ್‌ನ ವಾಗ್ನರ್ ಬೆಟ್ಟಿಯೋಲ್ 1999ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧವಾದದ್ದು. ಹಸಿರುಮನೆಯ ಝುಕಿನಿ ಗಿಡಗಳಿಗೆ ವಾರಕ್ಕೊಮ್ಮೆ ನೂರಕ್ಕೆ 10ರಷ್ಟು ಹಾಲು ಬೆರೆಸಿದ ನೀರು ಹೊಡೆದಾಗ ಅದು ಶಿಲೀಂಧ್ರನಾಶಕಗಳಿಗೆ ಸರಿಸಾಟಿಯಾಗಿತ್ತು. ಆದರೆ 1,000 ಚದರ ಮೀಟರ್ ಬೆಳೆದ ಬೆಳೆಗೆ 100 ಲೀಟರ್ ದ್ರಾವಣವೆಂದರೂ ವಾರಕ್ಕೆ 10 ಲೀಟರ್ ಹಾಲು ಬೇಕು. ಮನೆಯಂಗಳದ ಗಿಡಕ್ಕೆ, ಸಸಿಮಡಿಗೆ ಅದು ಸರಿ.

ಗಾಳಿ ಬಿಟ್ಟರೆ ಬಿಳಿನೊಣ, ನುಸಿ ಒಳಗೆ ಬರುವುದಿಲ್ಲವೇ ಎಂಬ ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರ. ಕೀಟಪರದೆಯ ಕಣ್ಣು ಸಣ್ಣದಾದಷ್ಟೂ ಗಾಳಿ ಕಡಿಮೆ ಹೋಗುತ್ತದೆ, ಇದು ನಿಜವಾದ ಬಿಕ್ಕಟ್ಟು. ಪರದೆ ತೆಗೆಯುವುದು ಪರಿಹಾರವಲ್ಲ. ಪರದೆಯ ವಿಸ್ತಾರ ಹೆಚ್ಚಿಸಬೇಕು, ಸೂರಿನ ನೆತ್ತಿಯಲ್ಲಿ ಬಿಸಿಗಾಳಿ ಹೊರಹೋಗುವ ಕಿಂಡಿ ಇರಬೇಕು, ಮನೆ ಎತ್ತರವಿರಬೇಕು, ಬೀಸುಗಾಳಿಯ ದಿಕ್ಕು ನೋಡಿ ಕಟ್ಟಬೇಕು. ಇವೆಲ್ಲ ಕಂಬ ನೆಡುವ ಮೊದಲೇ ತೀರ್ಮಾನವಾಗುವ ಸಂಗತಿಗಳು, ಕಟ್ಟಿದ ಮೇಲೆ ತಿದ್ದುವುದು ದುಬಾರಿ. ಸಹಾಯಧನದ ಮಾತು ಬರುವುದು ಇಲ್ಲೇ. 2014-15ರಲ್ಲಿ ಶುರುವಾದ ಕೇಂದ್ರದ ಸಮಗ್ರ ತೋಟಗಾರಿಕೆ ಅಭಿವೃದ್ಧಿ ಯೋಜನೆ ಸಂರಕ್ಷಿತ ಬೇಸಾಯದ ವೆಚ್ಚದ ಅರ್ಧ ಭರಿಸುತ್ತದೆ. ಕೊಡುವ ಲೆಕ್ಕ ಚದರ ಮೀಟರಿನದು. ಉಕ್ಕು ಮತ್ತು ಹಾಳೆಗೆ ಸಾರ್ವಜನಿಕ ಹಣ ಹಾಕುವ ಸರ್ಕಾರ ಮೊದಲ ಎರಡು ಬೆಳೆಗಳ ಕಾಲ ತಿಂಗಳಿಗೊಮ್ಮೆ ಬಂದು ಎಲೆ ತಿರುಗಿಸಿ ನೋಡುವ ಒಬ್ಬ ಸಲಹೆಗಾರನಿಗೂ, ಒಳಗೆ ತೂಗುಹಾಕುವ ಒಂದು ತೇವಮಾಪಕಕ್ಕೂ ಹಣ ಹಾಕಬೇಕು. ಕೊನೆಯ ಕಂತು ಬಿಡುಗಡೆ ಮಾಡುವಾಗ ಅಳೆಯಬೇಕಾದ್ದರಲ್ಲಿ ಗಾಳಿಕಿಂಡಿಯ ವಿಸ್ತಾರವೂ ಸೇರಬೇಕು.

ತಾಳವಾಡಿಗೆ ಇದರ ಮೇಲೆ ಭಾಷೆಯ ತೊಡಕು. 1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿತು, ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. ಮನೆಮಾತು ಕನ್ನಡ, ತೋಟಗಾರಿಕೆ ಇಲಾಖೆಯ ಕಾಗದ ತಮಿಳು. ಹೊಸ ತಲೆಮಾರು ತಮಿಳು ಓದಬಲ್ಲದು ನಿಜ. ಆದರೆ ಪಂಪು ಬೆನ್ನಿಗೆ ಹೊತ್ತು ಹೊಡೆಯುವವರು ಬಹಳ ಸಲ ಕನ್ನಡ ಮಾತ್ರ ಬಲ್ಲ ಹಿರಿಯರು, ಕೂಲಿಯವರು. ಪ್ರಮಾಣ, ಕಾಯುವ ದಿನ, ಔಷಧಿಯ ಗುಂಪು ತಿಳಿಯಬೇಕಾದವರು ಅವರೇ. 1971ರ ಕೀಟನಾಶಕ ನಿಯಮಗಳ ಪ್ರಕಾರ ಚೀಟಿ ಮತ್ತು ಕರಪತ್ರ ಹಿಂದಿ, ಇಂಗ್ಲಿಷ್ ಜೊತೆಗೆ ಮಾರಾಟವಾಗುವ ಪ್ರದೇಶದಲ್ಲಿ ಬಳಕೆಯಲ್ಲಿರುವ ಒಂದೆರಡು ಭಾಷೆಗಳಲ್ಲಿರಬೇಕು. ತಾಳವಾಡಿಯಲ್ಲಿ ಮಾರುವ ಡಬ್ಬಿಗೆ ಓದಬಲ್ಲ ಗಾತ್ರದ ಕನ್ನಡ ಕರಪತ್ರ ಕೇಳಲು ಈ ನಿಯಮವೇ ಆಧಾರ. ಈರೋಡಿನ ಕೃಷಿ ವಿಜ್ಞಾನ ಕೇಂದ್ರವನ್ನು ಗೋಬಿಚೆಟ್ಟಿಪಾಳ್ಯದಲ್ಲಿ ಮೈರಾಡ ಸಂಸ್ಥೆ ನಡೆಸುತ್ತಿದೆ, ಚಾಮರಾಜನಗರದ ಕೇಂದ್ರ ಹರದನಹಳ್ಳಿಯಲ್ಲಿದೆ. ಜಿಲ್ಲೆ, ರಾಜ್ಯಗಳ ಗಡಿ ಬದಿಗಿಟ್ಟು ಎರಡೂ ಕೇಂದ್ರಗಳು ಕೂಡಿ, ಚಳಿ ಏರುವುದಕ್ಕೆ ಮೊದಲು, ಅಂದರೆ ನವೆಂಬರಿನೊಳಗೆ, ತಾಳವಾಡಿಯ ಬೆಳೆಗಾರರನ್ನೂ ಕೂಲಿಯವರನ್ನೂ ಕರೆದು ಎಲೆಯಡಿ ನೋಡುವುದನ್ನು, ಡಬ್ಬಿಯ ಗುಂಪು ಗುರುತಿಸುವುದನ್ನು ಕನ್ನಡದಲ್ಲಿ ಕಲಿಸಿಕೊಡಲಿ.