ಎಂಟನೆಯ ಓಣಿ

ಹಳಗನ್ನಡ ಕಾವ್ಯವನ್ನು ಪಾಠ ಹೇಳುವ ನನಗೂ ಕ್ರೀಡೆಗೂ ಎಣ್ಣೆ ಸೀಗೆಕಾಯಿಯ ಸಂಬಂಧ. ಆದರೂ ಕಾಲೇಜಿನ ವ್ಯಾಯಾಮ ಶಿಕ್ಷಕರು ಜ್ವರ ಹಿಡಿದು ಮಲಗಿದ ಕಾರಣ, ಬಾಗಳಿಯ ವಿದ್ಯಾರ್ಥಿನಿಯೊಬ್ಬಳನ್ನೂ ಅವಳ ತಾಯಿಯನ್ನೂ ಬೆಂಗಳೂರಿನ ರಾಜ್ಯಮಟ್ಟದ ಕೂಟವೊಂದಕ್ಕೆ ಕರೆದೊಯ್ಯುವ ಭಾರ ನನ್ನ ಹೆಗಲೇರಿತು.

ಕೂಟ ನಡೆದುದು ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ. ಕಂಠೀರವನೆಂದರೆ ಸಿಂಹ, ಹೆಸರಿಗೆ ತಕ್ಕ ಗಾತ್ರ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಸಜ್ಜಾದ ಈ ಸ್ಥಳದಲ್ಲಿ ಓಟದ ಪಥವಿದೆ, ಅದರ ನಡುವೆ ಫುಟ್‌ಬಾಲಿನ ಹುಲ್ಲುಹಾಸಿದೆ, ಪಕ್ಕದಲ್ಲಿ ಒಳಾಂಗಣವಿದೆ. ಏಷ್ಯಾದ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡಗಳು 2017ರಲ್ಲಿ ಸೆಣಸಿದುದು ಇಲ್ಲಿಯೇ. ನೀರಜ್ ಚೋಪ್ರಾ 2025ರ ಜುಲೈ 5ರಂದು ಭರ್ಜಿಯನ್ನು 86.18 ಮೀಟರ್ ಎಸೆದು ಗೆದ್ದುದೂ ಇಲ್ಲಿಯೇ. ಎಲ್ಲ ಆಟಗಳಿಗೂ ಒಂದೇ ಅಂಗಳವೆಂದರೆ ಅವಿಭಕ್ತ ಕುಟುಂಬವಿದ್ದಂತೆ. ಭರ್ಜಿ ನೆಟ್ಟರೆ ಹುಲ್ಲು ಕಿತ್ತು ಬರುವುದು. ಫುಟ್‌ಬಾಲ್ ಪಂದ್ಯವಿದ್ದರೆ ಓಟಗಾರರು ಹೊರಗುಳಿಯಬೇಕಾಗುವುದು. ಆದರೂ ಒಲೆ ಒಂದೇ!

ನಮ್ಮ ಹುಡುಗಿ ಬಾಗಿ ಪಥವನ್ನು ಅಂಗೈಯಿಂದ ಒತ್ತಿ ನೋಡಿದಳು. ಅವಳದು 400 ಮೀಟರ್ ಓಟ. ದೊರೆತುದು ಹೊರಗಿನ ಎಂಟನೆಯ ಓಣಿ. ಗುರುತು ನೋಡಿ ಬಂದವಳ ಮುಖದಲ್ಲಿ ಗಾಬರಿ.

“ಸರ್, ನನ್ನ ಒಬ್ಬಾಕಿನ್ನ ಎಲ್ಲರಿಗಿಂತ ಮುಂದ ನಿಲ್ಲಿಸ್ಯಾರ. ಇದು ಮೋಸ ಆಗಲ್ಲೇನ್ರೀ?”

ನಾನೂ ಕಣ್ಣು ಕಣ್ಣು ಬಿಟ್ಟೆ. ಬಳಿಯಿದ್ದ ಹಿರಿಯ ತೀರ್ಪುಗಾರರು ನಕ್ಕು ವಿವರಿಸಿದರು: “ಒಂದೊಂದು ಓಣಿಯ ಅಗಲ 1.22 ಮೀಟರ್. ಒಳಗಿನ ಸುತ್ತು 400 ಮೀಟರ್. ಹೊರಗೆ ಹೋದಷ್ಟೂ ತಿರುವು ದೊಡ್ಡದಾಗುತ್ತದೆ, ದಾರಿ ಬೆಳೆಯುತ್ತದೆ. ಆದ್ದರಿಂದ ಎಂಟನೆಯವಳಿಗೆ ಸುಮಾರು 53 ಮೀಟರ್ ಮುಂದೆ ಜಾಗ. ಎಲ್ಲರನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿದರೆ ಅದೇ ಮೋಸವಮ್ಮಾ!”

ಹುಡುಗಿ ಆರನೆಯವಳಾಗಿ ಬಂದಳು. ತಾಯಿ ಏನೂ ಆಡದೆ ಸೆರಗಿನಿಂದ ಅವಳ ಮುಖವೊರಸಿದಳು.

ರಾತ್ರಿಯ ಬಸ್ಸಿನಲ್ಲಿ ಅವಳ ಮನಸ್ಸನ್ನು ಬೇರೆಡೆಗೆ ತಿರುಗಿಸಲೆಂದು ಫೋನಿನಲ್ಲಿ ಚೀನಾದ ಹಾಂಗ್‌ಝೌ ನಗರದ ಕ್ರೀಡಾಂಗಣದ ಚಿತ್ರ ತೋರಿಸಿದೆ. ಅರಳಿದ ತಾವರೆಯ ಆಕಾರ, 80,000 ಆಸನ. ನೀರಜ್ 2023ರ ಏಷ್ಯನ್ ಕ್ರೀಡಾಕೂಟದಲ್ಲಿ 88.88 ಮೀಟರ್ ಎಸೆದು ಚಿನ್ನ ಗೆದ್ದುದು ಅಲ್ಲಿ. ಬಹಳ ಹೊತ್ತು ನೋಡಿ ಕೇಳಿದಳು:

“ಅಲ್ಲಿ ಹಳ್ಳಿಯವರಿಗೂ ಓಡಾಕ ಬಿಡ್ತಾರೇನ್ರೀ?”

ನನ್ನ ಎಂ.ಎ. ಪದವಿ ಆ ಪ್ರಶ್ನೆಗೆ ಒದಗಲಿಲ್ಲ. ದೂರದ ಚೀನಾ ಹಾಗಿರಲಿ, ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಬಳಿ ನೀರಜ್ ಅಭ್ಯಾಸ ಮಾಡಿದ ತರಬೇತಿ ಸಂಸ್ಥೆಯೇ ಇದೆ. ಆದರೆ ಅದರ ಬಾಗಿಲು ಆಯ್ಕೆಯಾದವರಿಗೆ. ಆಯ್ಕೆಯಾಗಬೇಕಾದರೆ ಮೊದಲು ಓಡಲು ನೆಲ ಬೇಕು. ಸುಗ್ಗಿ ಬಂದರೆ ಇವಳು ಓಡುವ ಬಯಲಿನ ತುಂಬ ಮೆಕ್ಕೆಜೋಳದ ರಾಶಿ. ರೈತನೂ ಪಾಪ, ಇನ್ನೆಲ್ಲಿ ಒಣಗಿಸಿಯಾನು? ಸಾವಿರ ವರ್ಷ ಕಂಡ ಕಲ್ಲೇಶ್ವರನ ಗುಡಿಯ ಊರಿನಲ್ಲಿ ಇವಳು ನಸುಕಿನಲ್ಲಿ ರಸ್ತೆಯ ಮೇಲೆ ಓಡುತ್ತಾಳೆ. ತಾಯಿ ಬ್ಯಾಟರಿ ಹಿಡಿದು ಕಾಯುತ್ತಾಳೆ. ಮನೆಯಲ್ಲಿ ತಂದೆ ವರನನ್ನು ಹುಡುಕುತ್ತಿದ್ದಾರೆ.

ಹೊರಸುತ್ತಿನವರಿಗೆ ದಾರಿ ಉದ್ದವೆಂಬ ಲೆಕ್ಕವನ್ನು ಓಟದ ಪಥ ಬಲ್ಲುದು. ಕ್ರೀಡಾಂಗಣದಾಚೆ ಮಾತ್ರ ನಾವು ಎಲ್ಲರನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿ ಸಮಾನತೆಯೆಂದು ಬೀಗುತ್ತೇವೆ.

ಕಳೆದ ಭಾನುವಾರ ಬಾಗಳಿಗೆ ಹೋಗಿ ಅವಳ ತಂದೆಯೊಡನೆ ಕುಳಿತೆ. ಎರಡು ವರ್ಷ ತಡೆಯಿರೆಂದು ಬೇಡಿದೆ. ಅವರು ಎಲೆಅಡಿಕೆ ಮಡಿಸುತ್ತ ಬಹಳ ಹೊತ್ತು ಸುಮ್ಮನಿದ್ದರು.

“ಒಂದ್ ವರ್ಷ ನೋಡಾಣ್ರಿ ಮೇಷ್ಟ್ರೇ,” ಎಂದರು.

ಐವತ್ತಮೂರು ಮೀಟರಿನಷ್ಟಲ್ಲ, ನಿಜ. ಆದರೂ ಎಂಟನೆಯ ಓಣಿಯ ಹುಡುಗಿಗೆ ಒಂದಿಷ್ಟು ಮುಂದೆ ಜಾಗ ದೊರೆಯಿತು.