ವಿದ್ಯಾರ್ಥಿನಿಲಯಗಳ ಬಾಗಿಲು

ಮಕ್ಕಳನ್ನು ಓದಿಗಾಗಿ ಪರಸ್ಥಳಕ್ಕೆ ಕಳುಹಿಸಿದ ತಂದೆತಾಯಿಗಳು ನಿಲಯದ ಶುಲ್ಕವನ್ನು ಕೇವಲ ಅನ್ನಕ್ಕೂ ಹಾಸಿಗೆಗೂ ತೆರುವುದಿಲ್ಲ. ರಾತ್ರಿ ಮಲಗಿದ ಮಗು ಬೆಳಿಗ್ಗೆ ಸುಖವಾಗಿ ಏಳುವುದೆಂಬ ನಂಬಿಕೆಗೂ ತೆರುತ್ತಾರೆ. ಈ ನಂಬಿಕೆಗೆ ಈಚಿನ ವರ್ಷಗಳಲ್ಲಿ ಬಿದ್ದಿರುವ ಪೆಟ್ಟುಗಳನ್ನು ನೆನೆದರೆ, ಅನಧಿಕೃತ ಪ್ರವೇಶದ ವಿಷಯದಲ್ಲಿ ನಮ್ಮ ಅಧಿಕಾರಿವರ್ಗವು ತಾಳಿರುವ ಔದಾಸೀನ್ಯವು ಅತ್ಯಂತ ವಿಷಾದಕರವೆಂದು ಹೇಳದೆ ವಿಧಿಯಿಲ್ಲ.

2024ನೆಯ ಇಸವಿ ಜುಲೈ ತಿಂಗಳಲ್ಲಿ ಬೆಂಗಳೂರಿನ ಕೋರಮಂಗಲದ ಪಿ.ಜಿ. ವಸತಿಗೃಹವೊಂದಕ್ಕೆ ರಾತ್ರಿ ಹೊರಗಿನವನೊಬ್ಬನು ನುಗ್ಗಿ, ಬಿಹಾರದಿಂದ ಬಂದು ನೆಲೆಸಿದ್ದ ತರುಣಿಯನ್ನು ಕೊಂದನು. ಗೋಡೆಯ ಮೇಲಿನ ಕ್ಯಾಮೆರಾ ಅದೆಲ್ಲವನ್ನೂ ಕಂಡಿತು. ಕಂಡುದರಿಂದ ಅಪರಾಧಿಯ ಪತ್ತೆಗೆ ನೆರವಾಯಿತೇ ಹೊರತು ಆಕೆಯ ಜೀವ ಉಳಿಯಲಿಲ್ಲ. ಮರುತಿಂಗಳು ಅಂದಿನ ಮಹಾನಗರ ಪಾಲಿಕೆಯು, ಇಂಥ ಗೃಹಗಳ ದ್ವಾರಗಳಲ್ಲಿ ಕ್ಯಾಮೆರಾಗಳೂ ಹಗಲಿರುಳು ಕಾವಲುಗಾರರೂ ಇರತಕ್ಕದ್ದೆಂದು ವಿಧಿಸಿತು. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಮುಚ್ಚಿದಂತಾಯಿತಾದರೂ, ಮುಚ್ಚಿದುದು ಒಳ್ಳೆಯದೇ.

ಆದರೆ ಕಾವಲುಗಾರನನ್ನು ನಿಲ್ಲಿಸಿದೊಡನೆ ಕರ್ತವ್ಯವು ತೀರಿತೆಂದು ಯಾರೂ ಭಾವಿಸಬಾರದು. 2023ರ ಜೂನ್ ತಿಂಗಳಲ್ಲಿ ಮುಂಬಯಿಯ ಚರ್ನಿ ರೋಡಿನ ಸರಕಾರಿ ವಿದ್ಯಾರ್ಥಿನಿಯರ ನಿಲಯದಲ್ಲಿ, ರಜೆಯ ನಿಮಿತ್ತ ಹೆಚ್ಚಿನವರು ಊರಿಗೆ ಹೋಗಿದ್ದಾಗ, ತನ್ನ ಮಹಡಿಯಲ್ಲಿ ಒಂಟಿಯಾಗಿದ್ದ ವಿದ್ಯಾರ್ಥಿನಿಯೊಬ್ಬಳ ಕೊಲೆಯಾಯಿತು. ಶಂಕೆ ಬಿದ್ದುದು ಆ ನಿಲಯದ ಕಾವಲುಗಾರನ ಮೇಲೆಯೇ! ಅದೇ ವರ್ಷದ ಆಗಸ್ಟಿನಲ್ಲಿ ಕಲ್ಕತ್ತೆಯ ಜಾದವಪುರ ವಿಶ್ವವಿದ್ಯಾನಿಲಯದ ನಿಲಯದಲ್ಲಿ ಆಗತಾನೇ ಸೇರಿದ್ದ ಬಾಲಕನೊಬ್ಬನು ಮಹಡಿಯಿಂದ ಬಿದ್ದು ಮಡಿದಾಗ, ಬಂಧಿತರಾದವರಲ್ಲಿ ಓದು ಮುಗಿದ ಮೇಲೂ ಅಲ್ಲಿಯೇ ತಂಗಿದ್ದ ಹಳೆಯ ವಿದ್ಯಾರ್ಥಿಗಳಿದ್ದರು. ಇವರಾರೂ ಗೋಡೆ ಹಾರಿ ಬಂದವರಲ್ಲ. ಅನಧಿಕೃತನೆಂದರೆ ಹೊರಗಿನ ಅಪರಿಚಿತನೆಂದಷ್ಟೇ ತಿಳಿದಿರುವ ಅಧಿಕಾರಿಗಳು ಈ ಎರಡು ಪ್ರಸಂಗಗಳನ್ನು ಮತ್ತೊಮ್ಮೆ ಓದಬೇಕು.

ಇನ್ನೊಂದು ಮಾತು. ಇಂಥ ದುರ್ಘಟನೆ ನಡೆದೊಡನೆ ನಮ್ಮ ಮೇಲ್ವಿಚಾರಕರಿಗೆ ಹೊಳೆಯುವ ಉಪಾಯವು ಹೆಣ್ಣುಮಕ್ಕಳನ್ನು ಸಂಜೆಗೇ ಒಳಗೆ ಕೂಡಿ ಬೀಗ ಜಡಿಯುವುದು. ತಪ್ಪು ನುಗ್ಗಿದವನದು, ಶಿಕ್ಷೆ ಒಳಗಿರುವವಳಿಗೆ! 2017ರ ಸೆಪ್ಟೆಂಬರಿನಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದ ಆವರಣದೊಳಗೇ ಕಿರುಕುಳಕ್ಕೆ ಒಳಗಾದ ವಿದ್ಯಾರ್ಥಿನಿಗೆ, ಹೊತ್ತು ಮೀರಿ ಹೊರಗಿದ್ದುದೇಕೆಂಬ ಪ್ರಶ್ನೆಯೇ ಎದುರಾಯಿತೆಂದು ಆಕೆಯ ಗೆಳತಿಯರು ಸಿಂಹದ್ವಾರದಲ್ಲಿ ಕುಳಿತು ಪ್ರತಿಭಟಿಸಿದರು. ಕೊನೆಗೆ ಲಾಠಿಗಳೂ ಬೀಸಿದವು. ಹೊರಗಿನಿಂದ ಬೀಗ ಹಾಕಿದ ನಿಲಯಕ್ಕೆ ರಾತ್ರಿ ಬೆಂಕಿ ಬಿದ್ದರೆ ಒಳಗಿನವರ ಗತಿಯೇನೆಂಬುದನ್ನಾದರೂ ಬೀಗಪ್ರಿಯರಾದ ಮಹನೀಯರು ಯೋಚಿಸಿದ್ದಾರೆಯೇ?

ನಮ್ಮ ಕರ್ನಾಟಕದಲ್ಲಿ ಸಮಾಜಕಲ್ಯಾಣ, ಹಿಂದುಳಿದ ವರ್ಗಗಳ ಇಲಾಖೆಗಳ ನಿಲಯಗಳು ಊರೂರಿಗೆ ಹರಡಿವೆ. ಬಡವರ ಮಕ್ಕಳ ವಿದ್ಯೆಗೆ ಅವುಗಳಿಂದಾದ ಉಪಕಾರವು ಅಷ್ಟಿಷ್ಟಲ್ಲ. ಬಾಡಿಗೆಯ ಕಟ್ಟಡ, ಆವರಣದ ಗೋಡೆಯಿಲ್ಲದ ಹಿತ್ತಲು, ಒಂದಕ್ಕಿಂತ ಹೆಚ್ಚು ನಿಲಯಗಳ ಹೊಣೆ ಹೊತ್ತು ಎಲ್ಲಿಯೂ ರಾತ್ರಿ ತಂಗಲಾರದ ಮೇಲ್ವಿಚಾರಕರು, ಇವು ಅಲ್ಲಿ ಅಪರೂಪದ ದೃಶ್ಯಗಳಲ್ಲ. ಅಡಿಗೆಯವರೇ ಕಾವಲುಗಾರರೂ ಆಗಿರುವಲ್ಲಿ ಯಾರು ಯಾರನ್ನು ತಡೆಯಬೇಕು?

ಕೋಟಿಗಟ್ಟಲೆ ವೆಚ್ಚವನ್ನು ನಾವು ಬೇಡುತ್ತಿಲ್ಲ. ಪ್ರತಿ ನಿಲಯಕ್ಕೂ ರಾತ್ರಿ ಅಲ್ಲಿಯೇ ಮಲಗುವ ಮೇಲ್ವಿಚಾರಕರೊಬ್ಬರಿರಲಿ. ಭೇಟಿಗೆ ಬಂದವರನ್ನು ಕೂರಿಸಲು ಬಾಗಿಲ ಬಳಿಯೇ ಒಂದು ಕೊಠಡಿಯಿರಲಿ. ತಂದೆಯೇ ಬಂದರೂ ಅಲ್ಲಿಂದ ಮುಂದೆ ಹೋಗುವುದು ಬೇಡ. ಕಾವಲಿಗೆ ನೇಮಿಸುವ ಮುನ್ನ ಆ ಮನುಷ್ಯನ ಪೂರ್ವವೃತ್ತವನ್ನು ಪೋಲೀಸರಿಂದ ವಿಚಾರಿಸಲಿ. ಪರೀಕ್ಷೆ ಮುಗಿದವರು ಕೊಠಡಿ ತೆರವು ಮಾಡಿದರೇ ಎಂಬುದನ್ನು ಪ್ರಾಂಶುಪಾಲರು ಕಾಗದದ ಮೇಲಲ್ಲ, ಕಣ್ಣಾರೆ ನೋಡಲಿ. ರಜೆಯಲ್ಲಿ ಉಳಿದುಕೊಳ್ಳುವ ಇಬ್ಬರು ಮೂವರನ್ನು ಒಂದೊಂದು ಮಹಡಿಯಲ್ಲಿ ಒಬ್ಬೊಬ್ಬರಂತೆ ಬಿಡದೆ ಒಂದೇ ಕಡೆ ಸೇರಿಸಲಿ. ಹೊಸ ವಿದ್ಯಾರ್ಥಿಗಳು ಪೆಟ್ಟಿಗೆ ಹಾಸಿಗೆಗಳೊಂದಿಗೆ ಬಂದಿಳಿಯುವ ಮೊದಲೇ ಜಿಲ್ಲಾಧಿಕಾರಿಗಳು ತಮ್ಮ ತಮ್ಮ ಜಿಲ್ಲೆಯ ನಿಲಯಗಳನ್ನು ಹಗಲಿನಲ್ಲಲ್ಲ, ರಾತ್ರಿ ಹತ್ತರ ಮೇಲೆ, ಮುನ್ಸೂಚನೆಯಿಲ್ಲದೆ ಒಮ್ಮೆ ಹೋಗಿ ನೋಡಬೇಕೆಂದು ನಾವು ಒತ್ತಾಯಿಸುತ್ತೇವೆ.