ಯಾರು ಕೇಳಬೇಕು? ಇಂಗ್ಲೆಂಡಿನ ಆರೈಕೆ ಸೇವೆಯೂ ಊರಿನವರ ನಿಗಾವೂ

2025ರ ಜುಲೈ ತಿಂಗಳಲ್ಲಿ ಇಂಗ್ಲೆಂಡಿನಿಂದ ಎರಡು ಸುದ್ದಿಗಳು ಬಂದವು. ಹೊರದೇಶಗಳಿಂದ ಕೇರ್ ವರ್ಕರ್‌ಗಳನ್ನು ಹೊಸದಾಗಿ ಕರೆಸಿಕೊಳ್ಳುವ ವೀಸಾ ದಾರಿ ಜುಲೈ 22ರಂದು ಮುಚ್ಚಿತು. ಈ ಸುದ್ದಿ ನಮ್ಮ ಕರಾವಳಿಯ ಮನೆಮನೆಗೂ ತಲುಪಿತು, ಏಕೆಂದರೆ ಅರ್ಜಿ ಹಾಕಿ ಕಾಯುತ್ತಿದ್ದವರು ನಮ್ಮಲ್ಲಿಯೂ ಇದ್ದರು. ಇನ್ನೊಂದು ಸುದ್ದಿಯನ್ನು ಇಲ್ಲಿ ಯಾರೂ ಗಮನಿಸಲಿಲ್ಲ. ರೋಗಿಗಳ ಮತ್ತು ಆರೈಕೆಯಲ್ಲಿರುವವರ ದೂರು, ಅನುಭವಗಳನ್ನು ಆಲಿಸಲೆಂದೇ ಪ್ರತಿಯೊಂದು ಕೌನ್ಸಿಲ್ ವ್ಯಾಪ್ತಿಯಲ್ಲಿ ಇರುವ ‘ಹೆಲ್ತ್‌ವಾಚ್’ ಎಂಬ ಸಂಸ್ಥೆಗಳನ್ನು ಮುಚ್ಚುವುದಾಗಿ ಅಲ್ಲಿನ ಸರ್ಕಾರ ಪ್ರಕಟಿಸಿತು. ಇಂಥ ಸಂಸ್ಥೆಗಳು 150ಕ್ಕೂ ಹೆಚ್ಚು ಇವೆ. ಮುಚ್ಚಲು ಸಂಸತ್ತಿನ ಕಾನೂನು ಬೇಕು.

ಅಲ್ಲಿನ ಆಡಳಿತದ ಒಳವಿಷಯ ನಮಗೇಕೆ ಎಂದು ಕೇಳಬಹುದು. ನಮ್ಮ ಹೆಣ್ಣುಮಕ್ಕಳು, ಗಂಡುಮಕ್ಕಳು ಕೆಲಸ ಮಾಡುವುದು ಇದೇ ಆಸ್ಪತ್ರೆ, ಕೇರ್ ಹೋಮ್‌ಗಳಲ್ಲಿ. ಅಲ್ಲಿ ತಪ್ಪು ನಡೆದಾಗ ಕಣ್ಣಾರೆ ಕಾಣುವವರು ಅವರು. ಹೇಳಬೇಕೋ ಸುಮ್ಮನಿರಬೇಕೋ ಎಂಬ ಸಂಕಟವೂ ಮೊದಲು ಬರುವುದು ಅವರಿಗೇ. ಆದ್ದರಿಂದ ಈ ವ್ಯವಸ್ಥೆಯನ್ನು ಸ್ವಲ್ಪ ಬಿಡಿಸಿ ನೋಡೋಣ.

ಇಂಗ್ಲೆಂಡಿನಲ್ಲಿ ಆಸ್ಪತ್ರೆ ಸೇವೆ ಬೇರೆ, ಸಾಮಾಜಿಕ ಆರೈಕೆ ಬೇರೆ. ಆಸ್ಪತ್ರೆ ಎನ್‌ಎಚ್‌ಎಸ್‌ಗೆ ಸೇರಿದ್ದು, ಚಿಕಿತ್ಸೆ ಉಚಿತ. ಆದರೆ ಮುಪ್ಪಿನಲ್ಲಿ ಸ್ನಾನ ಮಾಡಿಸುವುದು, ಉಣಿಸುವುದು, ಕೇರ್ ಹೋಮ್‌ನಲ್ಲಿ ಇರಿಸಿಕೊಳ್ಳುವುದು ಇವೆಲ್ಲ ಸ್ಥಳೀಯ ಕೌನ್ಸಿಲಿನ ಹೊಣೆ, ಮತ್ತು ಅದು ಉಚಿತವಲ್ಲ. ಕೈಯಲ್ಲಿ 23,250 ಪೌಂಡಿಗಿಂತ ಹೆಚ್ಚು ಆಸ್ತಿ ಅಥವಾ ಉಳಿತಾಯ ಇರುವವರು ಖರ್ಚನ್ನು ತಾವೇ ಹೊರಬೇಕು. 2010ರಿಂದ ಈ ಮಿತಿಯನ್ನು ಏರಿಸಿಯೇ ಇಲ್ಲ. ಕೇರ್ ಹೋಮ್‌ಗಳಲ್ಲಿ ಬಹುಪಾಲು ಖಾಸಗಿಯವರ ಕೈಯಲ್ಲಿವೆ.

ಇವೆಲ್ಲದರ ಮೇಲೆ ಊರಿನವರ ಕಣ್ಣು ಇರಬೇಕೆಂದು 2001ರ ಆರೋಗ್ಯ ಮತ್ತು ಸಾಮಾಜಿಕ ಆರೈಕೆ ಕಾಯ್ದೆ ಒಂದು ದಾರಿ ಮಾಡಿತು. ಚುನಾಯಿತ ಕೌನ್ಸಿಲರ್‌ಗಳ ಪರಿಶೀಲನಾ ಸಮಿತಿಗೆ ಆಸ್ಪತ್ರೆಯ ಮುಖ್ಯಸ್ಥರನ್ನು ಕರೆಸಿ ಬಹಿರಂಗವಾಗಿ ಪ್ರಶ್ನೆ ಕೇಳುವ ಅಧಿಕಾರ 2003ರಿಂದ ಬಂತು. ಆಡಳಿತ ನಡೆಸುವ ಕ್ಯಾಬಿನೆಟ್ಟಿನಲ್ಲಿ ಇರುವವರು ಈ ಸಮಿತಿಯಲ್ಲಿ ಕೂರುವಂತಿಲ್ಲ. ಸಭೆಗೆ ಸಾರ್ವಜನಿಕರು ಹೋಗಿ ಕುಳಿತು ಕೇಳಬಹುದು. ವೈದ್ಯರೇ ದೇವರು ಎಂಬ ಕಾಲದಿಂದ ಬಂದ ಆಸ್ಪತ್ರೆಯನ್ನು, ಓಟು ಹಾಕಿದ ಜನರ ಪ್ರತಿನಿಧಿ ನಿಂತು ಪ್ರಶ್ನಿಸುವುದು ಸಣ್ಣ ಸಂಗತಿಯಲ್ಲ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕೆ?

ಸ್ಟಾಫರ್ಡ್‌ನಲ್ಲಿ ಈ ಏರ್ಪಾಡು ಕೆಲಸಕ್ಕೆ ಬರಲಿಲ್ಲ.

ಸ್ಟಾಫರ್ಡ್ ಇಂಗ್ಲೆಂಡಿನ ಮಧ್ಯಭಾಗದ ಒಂದು ಸಾಧಾರಣ ಪಟ್ಟಣ. ಅಲ್ಲಿನ ಆಸ್ಪತ್ರೆಯನ್ನು ಮಿಡ್ ಸ್ಟಾಫರ್ಡ್‌ಶೈರ್ ಎಂಬ ಟ್ರಸ್ಟ್ ನಡೆಸುತ್ತಿತ್ತು. ಹೆಚ್ಚಿನ ಸ್ವಾಯತ್ತೆಯುಳ್ಳ ‘ಫೌಂಡೇಶನ್ ಟ್ರಸ್ಟ್’ ಎಂಬ ಮಾನ್ಯತೆ ಪಡೆಯಲು ಆಡಳಿತ ಮಂಡಳಿ ಲೆಕ್ಕಪತ್ರ ಸರಿಪಡಿಸಲು ಹೊರಟಿತು. 2006-07ರಲ್ಲಿ ಒಂದು ಕೋಟಿ ಪೌಂಡ್ ಉಳಿಸಬೇಕೆಂದು ಹೊರಟು 150ಕ್ಕೂ ಹೆಚ್ಚು ಹುದ್ದೆಗಳನ್ನು ಕಡಿತ ಮಾಡಿತು. 2008ರ ಫೆಬ್ರವರಿಯಲ್ಲಿ ಮಾನ್ಯತೆಯೂ ಸಿಕ್ಕಿತು. ಅದೇ ಹೊತ್ತಿನಲ್ಲಿ ವಾರ್ಡುಗಳಲ್ಲಿ ಏನು ನಡೆಯುತ್ತಿತ್ತು? ವೃದ್ಧ ರೋಗಿಗಳು ಹೊಲಸಾದ ಹಾಸಿಗೆಯಲ್ಲಿ ಗಂಟೆಗಟ್ಟಲೆ ಬಿದ್ದಿರುತ್ತಿದ್ದರು. ಊಟದ ತಟ್ಟೆ ಕೈಗೆಟುಕದ ಕಡೆ ಇಟ್ಟು ಹೋಗುತ್ತಿದ್ದರು. ನೀರು ಕೊಡುವವರಿಲ್ಲದೆ ಹೂದಾನಿಯ ನೀರು ಕುಡಿದವರ ವಿಷಯವನ್ನು ಕುಟುಂಬದವರು ಹೇಳಿದ್ದಾರೆ. ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದವರಲ್ಲಿ ಯಾರನ್ನು ಮೊದಲು ನೋಡಬೇಕೆಂಬುದನ್ನು ವೈದ್ಯಕೀಯ ತರಬೇತಿ ಇಲ್ಲದ ರಿಸೆಪ್ಶನಿಸ್ಟ್ ತೀರ್ಮಾನಿಸುತ್ತಿದ್ದುದೂ ಉಂಟು.

ಜೂಲಿ ಬೇಯ್ಲಿ ಎಂಬ ಮಹಿಳೆಯ ತಾಯಿ 2007ರ ನವೆಂಬರ್‌ನಲ್ಲಿ ಈ ಆಸ್ಪತ್ರೆಯಲ್ಲಿ ತೀರಿಕೊಂಡರು. ಮಗಳು ಊರಿನಲ್ಲಿ ಒಂದು ಕೆಫೆ ನಡೆಸುತ್ತಿದ್ದವರು. ತಾಯಿಯ ಪಕ್ಕದಲ್ಲಿ ಕುಳಿತು ಕಂಡದ್ದನ್ನು ಪತ್ರಿಕೆಗೆ ಬರೆದರು. ಅದನ್ನು ಓದಿ ‘ನಮ್ಮವರಿಗೂ ಹೀಗೇ ಆಯಿತು’ ಎನ್ನುವವರು ಒಬ್ಬೊಬ್ಬರಾಗಿ ಕೆಫೆಗೆ ಬರತೊಡಗಿದರು. ‘ಕ್ಯೂರ್ ದಿ ಎನ್‌ಎಚ್‌ಎಸ್’ ಎಂಬ ಗುಂಪು ಹುಟ್ಟಿದ್ದು ಹೀಗೆ. ಈ ಎಲ್ಲ ಕಾಲದಲ್ಲಿ ಕೌಂಟಿ ಕೌನ್ಸಿಲಿನ ಪರಿಶೀಲನಾ ಸಮಿತಿ ಇತ್ತು, ಬರೋ ಕೌನ್ಸಿಲಿನ ಸಮಿತಿಯೂ ಇತ್ತು. ರೋಗಿಗಳ ವೇದಿಕೆಯೊಂದೂ ಇತ್ತು. ಸಭೆಗಳು ನಡೆಯುತ್ತಿದ್ದವು, ನಡಾವಳಿ ಬರೆಯಲಾಗುತ್ತಿತ್ತು.

2009ರ ಮಾರ್ಚ್‌ನಲ್ಲಿ ಹೆಲ್ತ್‌ಕೇರ್ ಕಮಿಷನ್ನಿನ ವರದಿ ಬಂದ ಮೇಲೆ ಎಲ್ಲವೂ ಹೊರಬಿತ್ತು. ರಾಬರ್ಟ್ ಫ್ರಾನ್ಸಿಸ್ ಎಂಬ ಹಿರಿಯ ವಕೀಲರು ಎರಡು ಬಾರಿ ವಿಚಾರಣೆ ನಡೆಸಿದರು. 2013ರ ಫೆಬ್ರವರಿ 6ರಂದು ಬಂದ ಎರಡನೆಯ ವರದಿಯಲ್ಲಿ 290 ಶಿಫಾರಸುಗಳಿದ್ದವು. ಅಂದಿನ ಪ್ರಧಾನಿ ಡೇವಿಡ್ ಕ್ಯಾಮರಾನ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. (ಈ ಆಸ್ಪತ್ರೆಯಲ್ಲಿ 400ರಿಂದ 1,200 ಮಂದಿ ಅನ್ಯಾಯವಾಗಿ ಸತ್ತರೆಂದು ಪತ್ರಿಕೆಗಳು ಬರೆದವು, ಈಗಲೂ ಹಲವರು ಅದನ್ನೇ ಹೇಳುತ್ತಾರೆ. ಅದು ಅಂಕಿಅಂಶದ ಅಂದಾಜು. ಫ್ರಾನ್ಸಿಸ್ ಅದನ್ನು ಆಧಾರವಾಗಿ ಇಟ್ಟುಕೊಳ್ಳಲಿಲ್ಲ. ನಡೆದದ್ದೇ ಸಾಕಷ್ಟು ಘೋರವಾಗಿರುವಾಗ ಸಂಖ್ಯೆಯ ಆಸರೆ ಬೇಕಿಲ್ಲ.)

ವರದಿ ಆಸ್ಪತ್ರೆಯ ಆಡಳಿತ ಮಂಡಳಿಯನ್ನು ದೂರಿದ್ದು ಸಹಜ. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಪರಿಶೀಲನಾ ಸಮಿತಿಗಳ ಬಗ್ಗೆ ಅದು ಹೇಳಿದ ಮಾತು. ಗಂಭೀರ ಕೊರತೆಯ ಯಾವ ಸೂಚನೆಯನ್ನೂ ಆ ಸಮಿತಿಗಳು ಗುರುತಿಸಲಿಲ್ಲ. ಆಸ್ಪತ್ರೆ ಕೊಟ್ಟ ವಿವರಣೆಯನ್ನು ಕೇಳಿ ಒಪ್ಪಿಕೊಂಡವು. ಕೌನ್ಸಿಲರ್‌ಗಳು ವೈದ್ಯಕೀಯ ತಜ್ಞರಲ್ಲ, ಹಾಗೆ ನಿರೀಕ್ಷಿಸುವುದೂ ಸರಿಯಲ್ಲ. ಆದರೆ ತಮ್ಮನ್ನು ಆರಿಸಿದ ಜನರ ಅಳಲು ಏನೆಂದು ತಿಳಿದುಕೊಂಡು ಅದನ್ನು ಹಿಂಬಾಲಿಸಲು ತಜ್ಞತೆ ಬೇಕಾಗಿಲ್ಲ ಎಂಬುದು ಫ್ರಾನ್ಸಿಸರ ಅಭಿಪ್ರಾಯದ ಸಾರ. ಊರಿನ ಕುಟುಂಬ ವೈದ್ಯರೂ ಮಾತನಾಡಿದ್ದು ತನಿಖೆ ಪ್ರಕಟವಾದ ಮೇಲೆಯೇ.

ಏಕೆ ಹೀಗಾಯಿತು? ನನಗೆ ತೋರುವುದು ಇಷ್ಟು. ಸಮಿತಿಯ ಮುಂದೆ ಬರುತ್ತಿದ್ದುದು ಆಸ್ಪತ್ರೆಯವರು ತಾವೇ ತಯಾರಿಸಿದ ವರದಿ. ಪ್ರಶ್ನೆ ಕೇಳುವವರಿಗೂ ಮಾಹಿತಿ ಕೊಡುವವರು ಉತ್ತರ ಹೇಳಬೇಕಾದವರೇ. ಎರಡನೆಯದಾಗಿ, ಊರಿಗೆ ಒಂದೇ ಆಸ್ಪತ್ರೆ. ಅದರ ಬಗ್ಗೆ ಅಭಿಮಾನವಿದೆ, ಅಲ್ಲಿ ಕೆಲಸ ಮಾಡುವವರು ನೆರೆಹೊರೆಯವರು, ಅದರ ಹೆಸರು ಕೆಟ್ಟರೆ ಊರಿಗೇ ನಷ್ಟ. ದೂರು ಎತ್ತಿದವರನ್ನು ಊರಿನ ಶತ್ರುವೆಂದು ಕಾಣುವುದು ಸುಲಭ. ಜೂಲಿ ಬೇಯ್ಲಿಯವರಿಗೆ ಬೆದರಿಕೆಗಳು ಬಂದವು. 2013ರಲ್ಲಿ ಅವರು ಕೆಫೆ ಮಾರಿ ಊರನ್ನೇ ಬಿಟ್ಟು ಹೋಗಬೇಕಾಯಿತು. ಪರಿಶೀಲನೆ ಎಂಬುದು ಸಭೆಯ ಕೋಣೆಯೊಳಗೆ ಉಳಿದು, ಸತ್ಯವು ಕೆಫೆಯ ಮೇಜಿನ ಸುತ್ತ ಕುಳಿತಿತ್ತು. ಇವೆರಡರ ನಡುವೆ ನಡೆದು ಹೋಗುವಷ್ಟು ದೂರ.

ದಾದಿಯೊಬ್ಬರ ಹೆಸರನ್ನೂ ಇಲ್ಲಿ ಹೇಳಬೇಕು. ಹೆಲೀನ್ ಡಾನೆಲಿ ಎಂಬವರು ಇದೇ ಆಸ್ಪತ್ರೆಯ ತುರ್ತು ವಿಭಾಗದ ನರ್ಸ್. ರೋಗಿಯನ್ನು ನಾಲ್ಕು ಗಂಟೆಯೊಳಗೆ ನೋಡಿ ಮುಗಿಸಬೇಕೆಂಬ ಸರ್ಕಾರದ ಗುರಿಗೆ ಲೆಕ್ಕ ಹೊಂದಿಸಲು ದಾಖಲೆಯಲ್ಲಿ ಸಮಯ ತಿದ್ದಲಾಗುತ್ತಿತ್ತು ಎಂದು ಅವರು ದೂರಿದರು. ಸಹೋದ್ಯೋಗಿಗಳಿಂದ ಬೆದರಿಕೆ ಬಂತು. ಹಲವು ವರ್ಷಗಳ ನಂತರ ಅವರಿಗೆ ರಾಜಮರ್ಯಾದೆ ಸಂದಿತು ಎಂಬುದು ನಿಜ. ಆದರೆ ದೂರಿದ ದಿನ ಅವರ ಜೊತೆ ಯಾರಿದ್ದರು?

ಫ್ರಾನ್ಸಿಸ್ ವರದಿ ಪರಿಶೀಲನಾ ಸಮಿತಿಗಳಿಗೆ ಸರಿಯಾದ ನೆರವು ಸಿಗಬೇಕು, ಸಂಸ್ಥೆಗಳೊಳಗೆ ಹೋಗಿ ನೋಡುವ ಅಧಿಕಾರವೂ ಬೇಕು ಎಂದಿತ್ತು. ಮುಂದೆ ಆದದ್ದು ಬೇರೆ. 2024ರ ಜನವರಿ 31ರ ತನಕ, ಆಸ್ಪತ್ರೆ ಸೇವೆಯಲ್ಲಿ ದೊಡ್ಡ ಬದಲಾವಣೆ ಮಾಡುವಾಗ ಸಮಿತಿಗೆ ಒಪ್ಪಿಗೆಯಾಗದಿದ್ದರೆ ವಿಷಯವನ್ನು ಆರೋಗ್ಯ ಸಚಿವರಿಗೆ ವಿಧಿವತ್ತಾಗಿ ಒಪ್ಪಿಸುವ ಹಕ್ಕಿತ್ತು. ಆ ದಿನದಿಂದ ಅದು ಹೋಯಿತು. ಈಗ ಸಚಿವರೇ ತಮ್ಮ ಇಷ್ಟದಂತೆ ಮಧ್ಯೆ ಪ್ರವೇಶಿಸಬಹುದು. ಸಮಿತಿಯೂ ಇತರ ಯಾವುದೇ ನಾಗರಿಕರಂತೆ ವಿನಂತಿ ಬರೆದುಕೊಳ್ಳಬಹುದು.

ರೋಗಿಗಳ ದನಿಯ ಕತೆ ಇನ್ನೂ ವಿಚಿತ್ರ. 1974ರಲ್ಲಿ ಕಮ್ಯೂನಿಟಿ ಹೆಲ್ತ್ ಕೌನ್ಸಿಲ್‌ಗಳು ಬಂದವು. 2003ರಲ್ಲಿ ಅವನ್ನು ರದ್ದು ಮಾಡಿ ರೋಗಿಗಳ ವೇದಿಕೆಗಳನ್ನು ತಂದರು. 2008ರಲ್ಲಿ ಅದೂ ಹೋಗಿ ‘ಲಿಂಕ್’ ಎಂಬುದು ಬಂತು. 2013ರಲ್ಲಿ ಅದರ ಜಾಗಕ್ಕೆ ಹೆಲ್ತ್‌ವಾಚ್. ಹೊಸ ಬೋರ್ಡು ಹಾಕಿ, ಹೊಸ ಸ್ವಯಂಸೇವಕರಿಗೆ ತರಬೇತಿ ಕೊಟ್ಟು, ಊರಿನ ಜನರಿಗೆ ಹೆಸರು ಪರಿಚಯವಾಗುವಷ್ಟರಲ್ಲಿ ಮುಚ್ಚುವುದು! ಈಗಿನ ಯೋಜನೆಯಂತೆ ಆಸ್ಪತ್ರೆಯ ಬಗ್ಗೆ ಜನರ ಮಾತು ಕೇಳುವ ಕೆಲಸ, ಸೇವೆಗೆ ಹಣ ಕೊಡುವ ಎನ್‌ಎಚ್‌ಎಸ್ ಮಂಡಳಿಗಳಿಗೆ. ಸಾಮಾಜಿಕ ಆರೈಕೆಯ ಬಗ್ಗೆ ಕೇಳುವ ಕೆಲಸ ಕೌನ್ಸಿಲಿಗೆ. ಅಂದರೆ ಆರೈಕೆ ಒದಗಿಸುವ ಹೊಣೆ ಹೊತ್ತವರೇ ಅದರ ಮೇಲಿನ ದೂರನ್ನೂ ಆಲಿಸಬೇಕು. ಖರ್ಚು ಉಳಿಯುತ್ತದೆ, ಸಂದೇಹವಿಲ್ಲ. ಸ್ಟಾಫರ್ಡ್‌ನ ಪಾಠ ಇದಾಗಿತ್ತೇ ಎಂಬುದರಲ್ಲಿ ಸಂದೇಹವಿದೆ.

ಕೇಂದ್ರದ ತಪಾಸಕರು ಇದ್ದಾರಲ್ಲ ಎನ್ನಬಹುದು. 2009ರಿಂದ ಇರುವ ಕೇರ್ ಕ್ವಾಲಿಟಿ ಕಮಿಷನ್ 2023ರಿಂದ ಕೌನ್ಸಿಲ್‌ಗಳ ಸಾಮಾಜಿಕ ಆರೈಕೆಗೂ ದರ್ಜೆ ಕೊಡತೊಡಗಿದೆ. ಆದರೆ 2024ರ ಜುಲೈಯಲ್ಲಿ ಆರೋಗ್ಯ ಸಚಿವ ವೆಸ್ ಸ್ಟ್ರೀಟಿಂಗ್ ಅವರೇ ಆ ಕಮಿಷನ್ ತನ್ನ ಕೆಲಸಕ್ಕೆ ಯೋಗ್ಯವಾಗಿಲ್ಲ ಎಂದರು. ಅದರ ವ್ಯಾಪ್ತಿಯ ಐದರಲ್ಲಿ ಒಂದು ಸಂಸ್ಥೆಗೆ ಒಮ್ಮೆಯೂ ದರ್ಜೆ ಸಿಕ್ಕಿರಲಿಲ್ಲ. ಅದಕ್ಕೂ ಮೊದಲು, ಬ್ರಿಸ್ಟಲ್ ಬಳಿಯ ವಿಂಟರ್‌ಬೋರ್ನ್ ವ್ಯೂ ಎಂಬ ಖಾಸಗಿ ಆಸ್ಪತ್ರೆಯಲ್ಲಿ ಬುದ್ಧಿಮಾಂದ್ಯರನ್ನು ಹೊಡೆದು ಹಿಂಸಿಸುವುದನ್ನು ಅಲ್ಲಿನ ಹಿರಿಯ ನರ್ಸ್ ಒಬ್ಬರು ಇದೇ ಕಮಿಷನ್ನಿಗೆ ತಿಳಿಸಿದ್ದರು. ಏನೂ ಆಗಲಿಲ್ಲ. 2011ರ ಮೇ ತಿಂಗಳಲ್ಲಿ ಬಿಬಿಸಿ ಗುಪ್ತ ಕ್ಯಾಮರಾದಲ್ಲಿ ತೋರಿಸಿದ ಮೇಲೆ 11 ಮಂದಿಗೆ ಶಿಕ್ಷೆಯಾಯಿತು. ಅಲ್ಲಿ ಒಬ್ಬ ರೋಗಿಗೆ ವಾರಕ್ಕೆ ಸರಾಸರಿ 3,500 ಪೌಂಡ್ ಸರ್ಕಾರದ ಹಣ ಸಂದಾಯವಾಗುತ್ತಿತ್ತು.

ಈಗ ನಮ್ಮವರ ವಿಷಯ. 2022ರ ಫೆಬ್ರವರಿಯಿಂದ ಕೇರ್ ವರ್ಕರ್‌ಗಳಿಗೆ ವೀಸಾ ಸಿಗತೊಡಗಿತು. 2024ರ ಮಾರ್ಚ್ 11ರಿಂದ ಹೊಸದಾಗಿ ಹೋಗುವವರು ಸಂಗಾತಿ, ಮಕ್ಕಳನ್ನು ಕರೆದೊಯ್ಯುವಂತಿಲ್ಲ ಎಂದಾಯಿತು. ಈ ವೀಸಾ ಕೆಲಸ ಕೊಟ್ಟ ಮಾಲೀಕನ ಪ್ರಾಯೋಜನೆಗೆ ಕಟ್ಟಿಕೊಂಡಿದೆ. ಕೆಲಸ ಹೋದರೆ ಸಾಮಾನ್ಯವಾಗಿ 60 ದಿನಗಳಲ್ಲಿ ಬೇರೆ ಪ್ರಾಯೋಜಕನನ್ನು ಹುಡುಕಬೇಕು, ಇಲ್ಲವಾದರೆ ಮರಳಬೇಕು. 2022ರ ಜುಲೈಯಿಂದ 2024ರ ಕೊನೆಯವರೆಗೆ ಆರೈಕೆ ಕ್ಷೇತ್ರದ 470ಕ್ಕೂ ಹೆಚ್ಚು ಮಾಲೀಕರ ಪ್ರಾಯೋಜನೆ ಪರವಾನಗಿ ರದ್ದಾಗಿದೆಯೆಂದರೆ ಎಂಥವರ ಕೈಗೆ ನಮ್ಮ ಮಕ್ಕಳು ಸಿಕ್ಕಿರಬಹುದು ಎಂದು ಊಹಿಸಬಹುದು. ಇಲ್ಲಿ ಮನೆ ಅಡವಿಟ್ಟು ಏಜೆಂಟನಿಗೆ ಲಕ್ಷಗಟ್ಟಲೆ ಕೊಟ್ಟು ಹೋದ ಹುಡುಗಿ, ರಾತ್ರಿ ಪಾಳಿಯಲ್ಲಿ 20 ಮುದುಕರಿಗೆ ತಾನೊಬ್ಬಳೇ ಎಂದು ಯಾರಿಗೆ ಹೇಳಿಯಾಳು? ಇಂಗ್ಲೆಂಡಿನ ನಿಗಾ ವ್ಯವಸ್ಥೆಗೆ ಒಳಗಿನ ಕಣ್ಣುಗಳು ಬೇಕೇ ಬೇಕು ಎಂದು ಸ್ಟಾಫರ್ಡ್, ವಿಂಟರ್‌ಬೋರ್ನ್ ಎರಡೂ ತೋರಿಸಿದವು. ಆ ಕಣ್ಣುಗಳ ಬಾಯಿ ಕಟ್ಟುವ ವೀಸಾವನ್ನು ಅದೇ ಸರ್ಕಾರ ಬರೆಯಿತು. ಕೌನ್ಸಿಲರ್‌ಗಳ ಸಭೆಯಲ್ಲಿ ಈ ವಿಷಯ ಬರಬೇಕಾದರೆ ಯಾರಾದರೂ ಅದನ್ನು ಅವರಿಗೆ ತಲುಪಿಸಬೇಕು.

ದಾರಿಗಳು ಇಲ್ಲವೆಂದಲ್ಲ. 2014ರ ಕೇರ್ ಆಕ್ಟ್ ಪ್ರಕಾರ ಪ್ರತಿಯೊಂದು ಕೌನ್ಸಿಲ್ ವ್ಯಾಪ್ತಿಯಲ್ಲಿ ವಯಸ್ಕರ ಸುರಕ್ಷತಾ ಮಂಡಳಿ ಇರಬೇಕು. ಆರೈಕೆಯಲ್ಲಿರುವವರಿಗೆ ಹಿಂಸೆ, ಅಲಕ್ಷ್ಯ ಆಗುತ್ತಿದೆಯೆಂಬ ಸಂಶಯ ಬಂದರೆ ಕೌನ್ಸಿಲಿಗೆ ಯಾರು ಬೇಕಾದರೂ ತಿಳಿಸಬಹುದು. ಕಮಿಷನ್ನಿಗೆ ನೌಕರರು ಹೆಸರು ಹೇಳದೆಯೂ ಬರೆಯಬಹುದು. ನರ್ಸ್‌ಗಳಿಗೆ ಯೂನಿಯನ್ ಇದೆ. ಅಲ್ಲಿನ ಚರ್ಚುಗಳಲ್ಲಿ ಭಾನುವಾರ ಪೂಜೆಯ ಬಳಿಕ ಸೇರುವ ನಮ್ಮವರು ಹಬ್ಬದ ಊಟದ ವಿಚಾರದ ಜೊತೆಗೆ ಇದನ್ನೂ ಮಾತಾಡಿಕೊಂಡರೆ ಹೊಸದಾಗಿ ಬಂದವರಿಗೆ ಧೈರ್ಯ ಬಂದೀತು.

ಇನ್ನು, ಮಕ್ಕಳು ಅಲ್ಲಿಯ ಮುದುಕರನ್ನು ನೋಡಿಕೊಳ್ಳುವಾಗ ಇಲ್ಲಿ ಅವರ ತಂದೆ ತಾಯಿ ಎಲ್ಲಿದ್ದಾರೆ? ಅನೇಕರು ವೃದ್ಧಾಶ್ರಮಗಳಲ್ಲಿ. ನಮ್ಮ ದೇಶದ 2007ರ ಹಿರಿಯ ನಾಗರಿಕರ ಕಾಯ್ದೆ ಜಿಲ್ಲೆಗೆ ಕನಿಷ್ಠ ಒಂದು, 150 ಮಂದಿ ನಿರ್ಗತಿಕರಿಗೆ ಸಾಲುವ ವೃದ್ಧಾಶ್ರಮವನ್ನು ಸರ್ಕಾರ ಸ್ಥಾಪಿಸಬಹುದು ಎನ್ನುತ್ತದೆ. ‘ಬಹುದು’ ಎಂಬ ಆ ಮಾತು ಸರ್ಕಾರಕ್ಕೆ ತಪ್ಪಿಸಿಕೊಳ್ಳಲು ದಾರಿ ಬಿಟ್ಟಿದೆ. ಈ ಕೆಲಸದ ದೊಡ್ಡ ಪಾಲನ್ನು ನಮ್ಮ ಧರ್ಮಭಗಿನಿಯರು ಮತ್ತು ದಾನಿಗಳು ಹೊತ್ತಿದ್ದಾರೆ. ಅವರ ಸೇವೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಸ್ಟಾಫರ್ಡ್‌ನ ಕೌನ್ಸಿಲರ್‌ಗಳಿಗೂ ತಮ್ಮ ಆಸ್ಪತ್ರೆಯ ಬಗ್ಗೆ ಎರಡು ಮಾತಿರಲಿಲ್ಲ. ಒಳ್ಳೆಯವರು ನಡೆಸುವ ಮನೆ ಎಂಬ ಗೌರವದಿಂದ ನಾವು ಬಾಗಿಲಲ್ಲೇ ಹಣ್ಣಿನ ಬುಟ್ಟಿ ಕೊಟ್ಟು, ಫೋಟೋ ತೆಗೆಸಿಕೊಂಡು ಮರಳುತ್ತೇವೆ. ರಾತ್ರಿ ಎಷ್ಟು ಮಂದಿ ಕೆಲಸದವರಿರುತ್ತಾರೆ, ಬಿದ್ದು ಪೆಟ್ಟಾದರೆ ಎಲ್ಲಿ ಬರೆದಿಡುತ್ತಾರೆ, ಮಾತು ಬಾರದವರ ದೂರನ್ನು ಯಾರು ಕೇಳುತ್ತಾರೆ ಎಂದು ವಿಚಾರಿಸುವುದು ಅವಿಶ್ವಾಸವಲ್ಲ. ಚರ್ಚ್ ಪಾಲನಾ ಮಂಡಳಿಯಿಂದ ಇಬ್ಬರು, ಆಶ್ರಮದಲ್ಲಿರುವವರ ಕುಟುಂಬದಿಂದ ಒಬ್ಬರು, ನಿವೃತ್ತ ನರ್ಸ್ ಒಬ್ಬರು ಸೇರಿ ಮೂರು ತಿಂಗಳಿಗೊಮ್ಮೆ, ಮುಂಚಿತವಾಗಿ ತಿಳಿಸದೆ, ಊಟದ ಹೊತ್ತಿಗೆ ಹೋಗಿ ಬರುವುದಕ್ಕೆ ಯಾವ ಕಾಯ್ದೆಯೂ ಬೇಕಾಗಿಲ್ಲ, ಆಶ್ರಮ ನಡೆಸುವವರ ಒಪ್ಪಿಗೆಯೊಂದಿದ್ದರೆ ಸಾಕು. ನಿವೃತ್ತ ನರ್ಸ್‌ಗಳಿಗಂತೂ ನಮ್ಮ ವಾಳೆಗಳಲ್ಲಿ ಕೊರತೆಯಿಲ್ಲ.